ಗೇಜ್ ಕ್ಯಾಲಿಬ್ರೇಷನ್‌ಗೆ ಲ್ಯಾಬ್ ಹುಡುಕುವಾಗ: ರೇಟ್ ಕೇಳುವ ಮೊದಲು ಸ್ಕೋಪ್ ಓದಿ

ಮೆಟ್ರಾಲಜಿ ಓದುತ್ತಿರುವವರಿಗೆ, ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಅಂತ ಈ ಟಿಪ್ಪಣಿ ಬರೆದಿದ್ದೇನೆ. ಒಂದೇ ಒಂದು ಗೇಜ್ ಇಟ್ಟುಕೊಂಡು ವಿಷಯ ನೋಡೋಣ: 25 ಎಂಎಂ ಎಚ್7 ರಂಧ್ರ ಚೆಕ್ ಮಾಡುವ ಗೋ-ನೋಗೋ ಪ್ಲಗ್ ಗೇಜ್. ರಂಧ್ರ ಸರಿಯಿದ್ದರೆ ಇದರ ಗೋ ತುದಿ ಒಳಗೆ ಹೋಗಬೇಕು, ನೋಗೋ ತುದಿ ಹೋಗಬಾರದು. ಬೆಂಗಳೂರಿನ ಪೀಣ್ಯದ ಮಷೀನ್ ಶಾಪ್‌ಗಳಲ್ಲಿ ದಿನವೂ ಕೈಯಲ್ಲಿ ಓಡಾಡುವ ಸಾಮಾನು.

ಎಚ್7 ಅಂದರೆ ಈ ರಂಧ್ರ 25.000 ರಿಂದ 25.021 ಎಂಎಂ ಒಳಗಿರಬೇಕು. ಒಟ್ಟು 21 ಮೈಕ್ರಾನ್ ಅವಕಾಶ, ಅಂದರೆ ಟಾಲರೆನ್ಸ್. ಅದರಲ್ಲಿ ಹತ್ತನೇ ಒಂದು ಭಾಗವನ್ನು ಗೇಜ್ ಮಾಡುವವರಿಗೆ ಬಿಡುವುದು ಹಳೆಯ ರೂಢಿ, ಅಂದರೆ ಸುಮಾರು 2 ಮೈಕ್ರಾನ್. ಲೆಕ್ಕಕ್ಕೆ ಸುಲಭವಾಗಲಿ ಅಂತ ಗೋ ತುದಿಯ ಮಿತಿ 25.000 ರಿಂದ 25.002 ಅಂತ ಇಟ್ಟುಕೊಳ್ಳಿ. ಸವೆತಕ್ಕೆ ಕೊಡುವ ಅವಕಾಶವನ್ನು ಸದ್ಯಕ್ಕೆ ಬಿಡೋಣ. ಗೇಜ್ ಈ 2 ಮೈಕ್ರಾನ್ ಒಳಗಿದೆಯೋ ಇಲ್ಲವೋ ಅಂತ ನಂಬುವ ಹಾಗೆ ಹೇಳಬಲ್ಲ ಲ್ಯಾಬ್ ನಮಗೆ ಬೇಕು.

ಎಲ್ಲರೂ ಮೊದಲು ಕೇಳುವುದು "ಎನ್‌ಎಬಿಎಲ್ ಇದೆಯಾ?" ಅಂತ. ಕೇಳಲೇಬೇಕು. ಐಎಸ್‌ಒ/ಐಇಸಿ 17025 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಲ್ಯಾಬ್‌ನ ಕೆಲಸ ಪರೀಕ್ಷಿಸಿ ನಮ್ಮ ದೇಶದಲ್ಲಿ ಮಾನ್ಯತೆ ಕೊಡುವ ಸಂಸ್ಥೆ ಅದು. ಆದರೆ ಮಾನ್ಯತೆ ಸಿಗುವುದು ಲ್ಯಾಬ್‌ನ ಇಡೀ ಕಟ್ಟಡಕ್ಕಲ್ಲ. ಯಾವ ಉಪಕರಣ, ಯಾವ ಅಳತೆಯಿಂದ ಯಾವ ಅಳತೆವರೆಗೆ, ಎಷ್ಟು ನಿಖರವಾಗಿ ಅಂತ ಒಂದು ಪಟ್ಟಿ ಇರುತ್ತದೆ. ಅದೇ ಸ್ಕೋಪ್. ವರ್ನಿಯರ್, ಮೈಕ್ರೊಮೀಟರ್‌ಗೆ ಮಾನ್ಯತೆ ಇರುವ ಲ್ಯಾಬ್‌ಗೆ ಥ್ರೆಡ್ ರಿಂಗ್ ಗೇಜ್‌ಗೆ ಇಲ್ಲದೇ ಇರಬಹುದು. ಪ್ರೆಷರ್ ಗೇಜ್‌ಗೆ ಹೆಸರಾದ ಲ್ಯಾಬ್‌ಗೆ ಉದ್ದದ ಅಳತೆಯೇ ಸ್ಕೋಪಿನಲ್ಲಿ ಇಲ್ಲದಿರಬಹುದು.

ಸ್ಕೋಪಿನಲ್ಲಿ ಸಿಎಂಸಿ (ಕ್ಯಾಲಿಬ್ರೇಷನ್ ಅಂಡ್ ಮೆಷರ್‌ಮೆಂಟ್ ಕೇಪಬಿಲಿಟಿ) ಅಂತ ಒಂದು ಕಾಲಂ ಇರುತ್ತೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ತುಂಬಾ ಮುಖ್ಯವಾದ ಕಾಲಂ ಅದೇ. ಒಳ್ಳೆಯ ಗೇಜ್ ಕೊಟ್ಟರೆ ಆ ಲ್ಯಾಬ್ ತಲುಪಬಲ್ಲ ಅತಿ ಕಡಿಮೆ ಅನ್‌ಸರ್ಟನಿಟಿ, ಅಂದರೆ ನಿಜವಾದ ಅಳತೆ ಹೇಳಿದ ಅಂಕಿಯಿಂದ ಎಷ್ಟು ಆಚೀಚೆ ಇರಬಹುದು ಅನ್ನೋದು, ಎಷ್ಟು ಅಂತ ಅಲ್ಲಿರುತ್ತದೆ. ನಿಮ್ಮ ಸರ್ಟಿಫಿಕೇಟಿನಲ್ಲಿ ಬರುವ ಅಂಕಿ ಅಷ್ಟೇ ಇರಬಹುದು, ಜಾಸ್ತಿಯೂ ಇರಬಹುದು. ಅದಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಕಡಿಮೆ ಕಂಡರೆ ಫೋನ್ ಮಾಡಿ ಕೇಳಿ.

ಇದು ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ರೇಟ್ ನೋಡಿ, ಎನ್‌ಎಬಿಎಲ್ ಲೋಗೊ ನೋಡಿ ಒಂದು ಲ್ಯಾಬ್‌ಗೆ ಪ್ಲಗ್ ಗೇಜ್ ಕಳಿಸಿದ್ದೆ. ಸರ್ಟಿಫಿಕೇಟ್ ಬಂತು: ಅಳತೆ 25.001, ಅನ್‌ಸರ್ಟನಿಟಿ ±1.5 ಮೈಕ್ರಾನ್. ಸರಿಯಾಗಿ ಮಧ್ಯದಲ್ಲಿದೆಯಲ್ಲ ಅಂತ ಫೈಲಿಗೆ ಹಾಕಲು ಹೊರಟೆ. ನಮ್ಮ ಸೀನಿಯರ್ ತಡೆದು, ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಎರಡು ಮನೆ ಅಗಲಕ್ಕೆ ಗೇಜಿನ ಟಾಲರೆನ್ಸ್ ಗುರುತು ಮಾಡಿದರು. ಅದರ ಕೆಳಗೆ ಲ್ಯಾಬ್‌ನ ಅನ್‌ಸರ್ಟನಿಟಿ ಎಳೆದರೆ ಮೂರು ಮನೆ ಬಂತು. "ಎರಡಡಿ ಬಾಗಿಲಲ್ಲಿ ಮೂರಡಿ ಮಂಚ ಹೋಗುತ್ತಾ ನೋಡು" ಅಂದರು. ಗೇಜ್ ಒಳಗಿದೆಯೋ ಹೊರಗಿದೆಯೋ ಅನ್ನೋದು ಆ ಕಾಗದದಿಂದ ಗೊತ್ತಾಗುವಂತೆಯೇ ಇರಲಿಲ್ಲ. ಆ ಗ್ರಾಫ್ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಪಾಠದಲ್ಲಿ 4ಕ್ಕೆ 1 ಅನ್ನುವ ನಿಯಮ ಓದಿರುತ್ತೀರಿ: ಟಾಲರೆನ್ಸಿನ ಕಾಲು ಭಾಗ ಮೀರದ ಹಾಗೆ ಅನ್‌ಸರ್ಟನಿಟಿ ಇರಬೇಕು. ನಮ್ಮ ಗೇಜಿಗೆ ಟಾಲರೆನ್ಸ್ ಒಟ್ಟು 2, ಅಂದರೆ ±1 ಮೈಕ್ರಾನ್. ಅಂದರೆ ±0.25 ಬೇಕಾಗುತ್ತೆ. ಪ್ಲಗ್ ಗೇಜಿಗೆ ಇದು ಸುಲಭಕ್ಕೆ ಸಿಗುವಂಥದ್ದಲ್ಲ. ಹಾಗಾಗಿ ನಿಯಮಕ್ಕೇ ಜೋತು ಬೀಳಬೇಡಿ. ಎಷ್ಟು ಅನುಪಾತ ಆಗಬಹುದು ಅಂತ ನಿಮ್ಮ ಗ್ರಾಹಕರ ಜೊತೆ ಮೊದಲೇ ಮಾತಾಡಿ, ಸಿಎಂಸಿ ಕಡಿಮೆ ಇರುವ ಲ್ಯಾಬ್ ಹುಡುಕಿ. ಬೇರೆ ಗೇಜುಗಳನ್ನು ಹೋಲಿಸಿ ನೋಡಲು ಬಳಸುವ ಮಾಸ್ಟರ್ ಗೇಜ್, ಸ್ಲಿಪ್ ಗೇಜ್ ಸೆಟ್‌ನಂಥವಕ್ಕೆ ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಸಂಸ್ಥೆಯ ಮೆಟ್ರಾಲಜಿ ವಿಭಾಗದಂಥ ಕಡೆಯೂ ವಿಚಾರಿಸಿ. ದಿನಬಳಕೆಯ ವರ್ನಿಯರ್‌ಗೆ ಅಷ್ಟು ದೂರ ಹೋಗಬೇಕಿಲ್ಲ.

ಪಾಸ್ ಅಂತ ಯಾವ ಲೆಕ್ಕದ ಮೇಲೆ ಬರೆಯುತ್ತಾರೆ ಅಂತಲೂ ಮೊದಲೇ ಕೇಳಿ. ಅಳತೆ 25.0004, ಅನ್‌ಸರ್ಟನಿಟಿ ±0.0008 ಅಂದುಕೊಳ್ಳಿ. ಅಂಕಿ ಮಿತಿಯೊಳಗಿದೆ. ಆದರೆ ನಿಜವಾದ ಅಳತೆ 24.9996 ಕೂಡ ಇರಬಹುದು, ಅಲ್ವಾ? ಅನ್‌ಸರ್ಟನಿಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಸ್ ಅನ್ನುವುದು ಒಂದು ಪದ್ಧತಿ. ಎರಡೂ ಕಡೆಯ ಮಿತಿಯನ್ನು ಅಷ್ಟು ಒಳಕ್ಕೆ ತಂದು ನೋಡುವುದು ಇನ್ನೊಂದು. 17025ರ 2017ರ ಆವೃತ್ತಿಯ ಪ್ರಕಾರ, ಪಾಸ್-ಫೇಲ್ ಹೇಳುವ ಲ್ಯಾಬ್ ಯಾವ ನಿಯಮ ಹಿಡಿದಿದೆ ಅಂತ ದಾಖಲಿಸಬೇಕು.

ಇನ್ನು ತಾಪಮಾನ. ಉದ್ದದ ಅಳತೆಗೆಲ್ಲ ಆಧಾರ 20 ಡಿಗ್ರಿ ಸೆಲ್ಸಿಯಸ್. 25 ಎಂಎಂ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 2.9 ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಗೇಜಿನ ಟಾಲರೆನ್ಸಿಗಿಂತ ಜಾಸ್ತಿ! ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಹೋದ ಗೇಜನ್ನು "ಒಂದು ಗಂಟೆಯಲ್ಲಿ ಮಾಡಿ ಕೊಡ್ತೀವಿ" ಅನ್ನುವ ಕಡೆ ಕೊಡಬೇಡಿ. ಗೇಜು, ಮಾಸ್ಟರ್ ಎರಡೂ ಉಕ್ಕಿನವಾಗಿ ಒಂದೇ ತಾಪಮಾನಕ್ಕೆ ಬಂದಿದ್ದರೆ ಹಿಗ್ಗುವಿಕೆ ಬಹುಪಾಲು ಸರಿಹೋಗುತ್ತೆ. ಗೇಜ್ ಕಾರ್ಬೈಡಿನದ್ದಾದರೆ ಹಾಗಲ್ಲ, ಅದು ಉಕ್ಕಿನ ಅರ್ಧದಷ್ಟೇ ಹಿಗ್ಗುವುದು. ಸಾಧ್ಯವಾದರೆ ಒಮ್ಮೆ ಲ್ಯಾಬ್‌ಗೆ ನೀವೇ ಹೋಗಿ. ಬಂದ ಗೇಜುಗಳನ್ನು ಒರೆಸಿ ಗ್ರಾನೈಟ್ ಅಥವಾ ಲೋಹದ ಪ್ಲೇಟ್ ಮೇಲೆ ಆರಲು ಇಟ್ಟಿದ್ದಾರಾ, ಬರಿಗೈಯಲ್ಲಿ ಮುಟ್ಟುತ್ತಾರಾ, ಬಾಗಿಲು ಸದಾ ತೆರೆದೇ ಇರುತ್ತಾ, ಇಷ್ಟು ನೋಡಿದರೆ ಸಾಕು.

ಸರ್ಟಿಫಿಕೇಟ್ ಕೈಗೆ ಬಂದಾಗ ಒಂದೇ ಒಂದು ಅಳತೆ ಇದ್ದರೆ ತೃಪ್ತಿಪಡಬೇಡಿ. ಗೋ ತುದಿ ಮೊದಲು ಸವೆಯುವುದು ಮುಂಭಾಗದಲ್ಲಿ, ರಂಧ್ರಕ್ಕೆ ಮೊದಲು ತಾಗುವ ಜಾಗದಲ್ಲಿ. ಮುಂದೆ, ಮಧ್ಯೆ, ಹಿಂದೆ ಹೀಗೆ ಮೂರು ಕಡೆ, ಪ್ರತಿ ಕಡೆಯೂ 90 ಡಿಗ್ರಿ ತಿರುಗಿಸಿ ಎರಡು ಅಳತೆ ಬೇಕು ಅಂತ ಕೆಲಸದ ಆರ್ಡರ್‌ನಲ್ಲೇ ಬರೆಯಿರಿ. ಯಾವ ಮಾಸ್ಟರ್ ಬಳಸಿದರು, ಅದರ ಟ್ರೇಸಬಿಲಿಟಿ, ಅಂದರೆ ಒಂದಕ್ಕೊಂದು ಹೋಲಿಸಿದ ಅಳತೆಗಳ ಸರಪಳಿ, ದೆಹಲಿಯ ಎನ್‌ಪಿಎಲ್‌ನಂಥ (ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ) ರಾಷ್ಟ್ರೀಯ ಸಂಸ್ಥೆಯವರೆಗೆ ಹೋಗುತ್ತಾ ಅಂತಲೂ ನೋಡಿ. ಮುಂದಿನ ಕ್ಯಾಲಿಬ್ರೇಷನ್ ದಿನಾಂಕವನ್ನು ಲ್ಯಾಬ್ ತಾನಾಗಿಯೇ ಹಾಕುವಂತಿಲ್ಲ. ನೀವು ಒಪ್ಪಿದ್ದರೆ ಮಾತ್ರ ಹಾಕಬಹುದು. ಎಷ್ಟು ದಿನಕ್ಕೊಮ್ಮೆ ಅನ್ನೋದನ್ನು ಬಳಕೆ ನೋಡಿ ನಾವೇ ತೀರ್ಮಾನಿಸಬೇಕು.

ಅದಕ್ಕಾಗಿ ಪ್ರತಿ ಗೇಜಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ಪ್ರತಿ ಸಲದ ಅಳತೆ, ಅನ್‌ಸರ್ಟನಿಟಿ ಬರೆದಿಡಿ. ಮೂರು ಸಲ ಆಗುವಷ್ಟರಲ್ಲಿ ಗೇಜ್ ಎಷ್ಟು ಸವೆಯುತ್ತಿದೆ ಅಂತ ಕಾಣಿಸುತ್ತೆ. ಲ್ಯಾಬ್ ಹೇಗಿದೆ ಅಂತಲೂ ಅದೇ ಪುಟದಲ್ಲಿ ಕಾಣಿಸುತ್ತೆ. ದಿನಾ ಬಳಸುವ ಪ್ಲಗ್ ಗೇಜ್ ಸವೆದು ಸಣ್ಣದಾಗಬೇಕು. ಹೋದ ವರ್ಷ 25.0006 ಇದ್ದದ್ದು ಈ ವರ್ಷ 25.0019 ಆಗಿದ್ದರೆ, ವ್ಯತ್ಯಾಸ ಎರಡೂ ಸಲದ ಅನ್‌ಸರ್ಟನಿಟಿಗಿಂತ ದೊಡ್ಡದಾಗಿದ್ದರೆ, ಎರಡೂ ಸರ್ಟಿಫಿಕೇಟ್ ಹಿಡಿದು ಲ್ಯಾಬ್‌ಗೆ ಹೋಗಿ. ಅಳೆದಾಗಿನ ತಾಪಮಾನ, ಬಳಸಿದ ಮಾಸ್ಟರ್, ಮೂಲ ರೀಡಿಂಗ್‌ಗಳನ್ನು ತೋರಿಸಲು ಕೇಳಿ. ಫೈಲ್ ತೆಗೆದು ನಿಮ್ಮ ಜೊತೆ ಕೂತು ನೋಡುವ ಲ್ಯಾಬ್ ಸಿಕ್ಕರೆ, ರೇಟ್ ಸ್ವಲ್ಪ ಜಾಸ್ತಿಯಾದರೂ ಅದನ್ನು ಬಿಡಬೇಡಿ.