ಜನವರಿಯಲ್ಲಿ ಮಂಗಳೂರಿಗೆ ಮರಳಿದರೆ ಬೆವರುವುದೇಕೆ?

ಪ್ರಶ್ನೆ: ನಮ್ಮೂರು ಚಿಕ್ಕಬಳ್ಳಾಪುರ, ನಾನು ಓದುತ್ತಿರುವುದು ಮಂಗಳೂರಿನಲ್ಲಿ. ಸೆಮಿಸ್ಟರ್ ರಜೆ ಮುಗಿಸಿ, ಸಂಕ್ರಾಂತಿಯ ಮಾರನೆಯ ದಿನ ಸ್ವೆಟರ್ ತೊಟ್ಟು ಬಸ್ ಹತ್ತಿದರೆ, ಅಲ್ಲಿ ಇಳಿಯುವ ಹೊತ್ತಿಗೆ ಮೈಮೇಲಿನ ಅಂಗಿಯೇ ಭಾರವೆನಿಸುತ್ತದೆ. ಚಳಿಗಾಲದಲ್ಲಿಯೂ ಅಲ್ಲಿ ಬಿಸಿಲು ಅಷ್ಟು ಜೋರಾಗಿರುವುದೇಕೆ? ಸಂಕ್ರಾಂತಿಯಿಂದ ಸೂರ್ಯ ಭೂಮಿಗೆ ಹತ್ತಿರವಾಗುತ್ತಾನೆ ಎನ್ನುತ್ತಾರಲ್ಲ, ಅದೇ ಕಾರಣವೆ?

ಉತ್ತರ: ಅವರೆಕಾಯಿಯ ಕಾಲ ಮುಗಿಯುತ್ತ ಬಂದಂತೆ ಈ ಪ್ರಶ್ನೆ ವರ್ಷವೂ ತಪ್ಪದೆ ಬರುತ್ತದೆ. ಕೋಲಾರದವರು ಉಡುಪಿಯೆಂದು ಬರೆಯುತ್ತಾರೆ, ತುಮಕೂರಿನವರು ಕಾರವಾರವೆಂದು ಬರೆಯುತ್ತಾರೆ. ಊರುಗಳು ಬದಲಾಗುತ್ತವೆ, ಪ್ರಶ್ನೆಯ ಕೊನೆಯ ಸಾಲು ಮಾತ್ರ ಅಕ್ಷರ ಬದಲಾಗದೆ ಉಳಿದಿರುತ್ತದೆ. ಆದ್ದರಿಂದ ಆ ಕೊನೆಯ ಸಾಲನ್ನೇ ಮೊದಲು ವಿಚಾರಿಸಿಕೊಳ್ಳುತ್ತೇನೆ.

ಸಂಕ್ರಾಂತಿಯ ನಂತರ ಸೂರ್ಯ ಹತ್ತಿರವಾಗುವುದಿಲ್ಲ, ದಿನದಿನಕ್ಕೂ ದೂರವಾಗುತ್ತಾನೆ. ಭೂಮಿ ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ನಮ್ಮಲ್ಲಿ ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದ ದಿನಗಳಲ್ಲಿ. ಆಗಿನ ಅಂತರ ಸುಮಾರು 14.7 ಕೋಟಿ ಕಿಲೋಮೀಟರ್. ಅತ್ಯಂತ ದೂರವಿರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ನೆತ್ತಿ ಸುಡುವ ಏಪ್ರಿಲ್ ಕೊನೆಯಲ್ಲಿ ಸೂರ್ಯ ಜನವರಿಗಿಂತ 30 ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುತ್ತಾನೆ. ಹತ್ತಿರವಾದಷ್ಟೂ ಬೇಸಿಗೆ ಎನ್ನುವುದಾದರೆ ನಾವು ಜನವರಿಯಲ್ಲಿ ಮಜ್ಜಿಗೆ ಕುಡಿದು ಮೇ ತಿಂಗಳಲ್ಲಿ ಕಂಬಳಿ ಹೊದೆಯಬೇಕಿತ್ತು. ಅದೇ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಬೇಸಿಗೆ ನಡೆಯುತ್ತಿರುತ್ತದೆ. ಒಂದೇ ಭೂಮಿ ಒಂದೇ ದಿನ ಒಬ್ಬರಿಗೆ ಹತ್ತಿರವಾಗಿ ಇನ್ನೊಬ್ಬರಿಗೆ ದೂರವಾಗಲು ಸಾಧ್ಯವಿಲ್ಲ.

ಇಷ್ಟು ಹೇಳಿದ ಮೇಲೆ ತರಗತಿಯಲ್ಲಿ ಯಾವಾಗಲೂ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತಿತ್ತು: "ಭೂಮಿಯ ಅಕ್ಷ ವಾಲಿದೆಯಲ್ಲ ಸಾರ್, ಬೇಸಿಗೆಯಲ್ಲಿ ನಮ್ಮ ಅರ್ಧಗೋಳ ಸೂರ್ಯನ ಕಡೆಗೆ ಬಾಗುವುದರಿಂದ ಹತ್ತಿರವಾಗುವುದಿಲ್ಲವೆ?" ಮುಂಬಾಗಿಲಿನಿಂದ ಹೊರಹಾಕಿದ ತಪ್ಪು ಹಿತ್ತಲಿನಿಂದ ಒಳಗೆ ಬರುವುದು ಹೀಗೆ. ಅಕ್ಷ ವಾಲಿರುವುದು ನಿಜ, ಸುಮಾರು 23.5 ಡಿಗ್ರಿ. ಆದರೆ ಇಡೀ ಭೂಮಿಯ ವ್ಯಾಸವೇ 12,742 ಕಿಲೋಮೀಟರ್. ಅದು ಹೇಗೆ ವಾಲಿದರೂ ನಮಗೆ ಸಿಗುವುದು ಕೆಲವು ಸಾವಿರ ಕಿಲೋಮೀಟರುಗಳ ಸಾಮೀಪ್ಯವಷ್ಟೆ, 15 ಕೋಟಿಯ ಲೆಕ್ಕದಲ್ಲಿ ಅದು ಚಿಲ್ಲರೆಯೂ ಅಲ್ಲ. ವಾಲುವಿಕೆಯಿಂದ ಬದಲಾಗುವುದು ಬಿಸಿಲು ಬೀಳುವ ಕೋನ ಮತ್ತು ಹಗಲಿನ ಉದ್ದ. ನಿಮ್ಮ ಮನೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಸಂಕ್ರಾಂತಿಯ ನಡುಹಗಲಲ್ಲಿ ಅದರ ನೆರಳು ಸುಮಾರು 70 ಸೆಂಟಿಮೀಟರ್ ಇರುತ್ತದೆ. ಏಪ್ರಿಲ್ 25ರ ಆಸುಪಾಸಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವುದರಿಂದ ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ, ನೇರ ಬಿದ್ದದ್ದು ಒಂದೇ ಕಡೆ ಕಾಯಿಸುತ್ತದೆ.

ಈಗ ಅದೇ ಕೋಲನ್ನು ಮಂಗಳೂರಿನ ಹಾಸ್ಟೆಲಿನ ತಾರಸಿಯಲ್ಲಿ ನಿಲ್ಲಿಸಿದರೆ ನೆರಳು ಒಂದು ಬೆರಳಗಲದಷ್ಟು ಮಾತ್ರ ಗಿಡ್ಡವಾಗಿರುತ್ತದೆ, ಏಕೆಂದರೆ ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅಂದರೆ ಅಲ್ಲಿಯ ಬಿಸಿಲು ಹೆಚ್ಚೇನೂ ಜೋರಲ್ಲ. ಎತ್ತರದಲ್ಲಿರುವ ಚಿಕ್ಕಬಳ್ಳಾಪುರದ ಗಾಳಿ ತೆಳುವಾಗಿ, ಒಣಗಿರುವುದರಿಂದ ಸೂರ್ಯನ ಅತಿನೇರಳೆ ಕಿರಣಗಳು ನಿಮ್ಮೂರಿನಲ್ಲಿಯೇ ತುಸು ಹೆಚ್ಚು ತಲುಪುತ್ತವೆ. ನೀವು ಬಿಸಿಲು ಎಂದು ಬರೆದಿರುವುದು ನಿಜಕ್ಕೂ ಸೆಕೆ. ಕನ್ನಡದಲ್ಲಿ ಇವೆರಡಕ್ಕೂ ಬೇರೆಬೇರೆ ಪದಗಳಿರುವಾಗ ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಿ ಕಾರಣ ಹುಡುಕುತ್ತ ಹೋದರೆ ಸೂರ್ಯನವರೆಗೂ ಹೋಗಬೇಕಾಗುತ್ತದೆ. ಸೆಕೆಯ ಕಾರಣ ಶಿರಾಡಿ ಘಾಟಿಯ ಇಳಿಜಾರಿನಲ್ಲಿಯೇ ಸಿಗುತ್ತದೆ.

ಸಕಲೇಶಪುರದಲ್ಲಿ ನೀರು ಕುಡಿದು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಚೀಲದಲ್ಲಿಡಿ. ಮಂಗಳೂರು ತಲುಪುವಾಗ ಅದರ ಪಕ್ಕೆಗಳು ಒಳಕ್ಕೆ ಕುಸಿದಿರುತ್ತವೆ. ಸಕಲೇಶಪುರವೂ ನಿಮ್ಮೂರಿನಂತೆ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಡಲ ಮಟ್ಟಕ್ಕೆ ಇಳಿದಾಗ ಗಾಳಿಯ ಒತ್ತಡ ಶೇಕಡ 10ರಷ್ಟು ಏರುತ್ತದೆ. ಗಾಳಿಯನ್ನು ಸೂರ್ಯ ನೇರವಾಗಿ ಕಾಯಿಸುವುದು ಕಡಿಮೆ. ಮೊದಲು ನೆಲ ಕಾಯುತ್ತದೆ, ಆಮೇಲೆ ನೆಲದಿಂದ ಗಾಳಿ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತ ಹಿಗ್ಗಿ ತಣ್ಣಗಾಗುತ್ತದೆ, ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಸರಾಸರಿಯಲ್ಲಿ ಪ್ರತಿ ಕಿಲೋಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ನಿಮ್ಮ ಮನೆಯಲ್ಲಿ ಮಧ್ಯಾಹ್ನ 27 ಡಿಗ್ರಿ ಇದ್ದರೆ ಅದಕ್ಕೆ ಆರು ಕೂಡಿಸಿ. ಜನವರಿಯ ಮಂಗಳೂರು ಸಿಕ್ಕಿತು. ಬೆಳಗಿನ ಹೊತ್ತು ಬಯಲುಸೀಮೆಯ ಮೂಡಣ ಗಾಳಿ ಘಟ್ಟ ಇಳಿದು ಬೀಸುತ್ತ, ಕಡಲ ಗಾಳಿ ಒಳಬರುವುದು ತಡವಾದ ದಿನಗಳಲ್ಲಿ ಇನ್ನೂ ಎರಡು ಮೂರು ಡಿಗ್ರಿ ಏರುವುದುಂಟು.

ರಾತ್ರಿಯ ವಿಷಯ ಚಿಕ್ಕದು. ಒಣ ಗಾಳಿಯ ಬಯಲುಸೀಮೆಯಲ್ಲಿ ನೆಲದ ಶಾಖ ಕತ್ತಲಾದೊಡನೆ ಆಕಾಶಕ್ಕೆ ಸೋರಿಹೋಗುತ್ತದೆ, ಕರಾವಳಿಯಲ್ಲಿ ತೇವಾಂಶ ಅದನ್ನು ತಡೆಯುತ್ತದೆ ಮತ್ತು ಪಕ್ಕದ ಕಡಲು ಬೇಗ ತಣಿಯುವುದಿಲ್ಲ. ಬೆವರು ಬರುವುದು ಎರಡು ಕಡೆಯೂ ಇದ್ದದ್ದೇ. ಚಿಕ್ಕಬಳ್ಳಾಪುರದಲ್ಲಿ ಅದು ನಿಮಗೆ ತಿಳಿಯುವ ಮೊದಲೇ ಆರುತ್ತದೆ, ಮಂಗಳೂರಿನಲ್ಲಿ ಆರದೆ ಅಂಗಿಗೆ ಇಳಿಯುತ್ತದೆ.

ಇಲ್ಲಿಗೆ ನೀವು ಕೇಳಿದ್ದಕ್ಕೆ ಉತ್ತರವಾಯಿತು. ಆದರೆ ಕೇಳಬೇಕಾಗಿದ್ದ ಇನ್ನೊಂದು ಸಂಗತಿಯನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಮರಳಿದ ವಾರದಲ್ಲಿ ಎಂಟು ಗಂಟೆಯ ತರಗತಿಗೆ ಎದ್ದರೆ ಹಾಸ್ಟೆಲಿನ ಕಿಟಕಿಯಾಚೆ ಊರಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಕತ್ತಲು ಕಾಣುವುದೇಕೆ? ಮಂಗಳೂರು ನಿಮ್ಮೂರಿಗಿಂತ ಸುಮಾರು ಮೂರು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯೋದಯ 11 ನಿಮಿಷಕ್ಕೂ ಹೆಚ್ಚು ತಡ. ಕೋಲಾರದವರಾದರೆ 13 ನಿಮಿಷ. ಅದಕ್ಕಿಂತ ಸೋಜಿಗದ ಮಾತೆಂದರೆ, ಡಿಸೆಂಬರ್ 21-22ರಂದೇ ಸೂರ್ಯ ಉತ್ತರಕ್ಕೆ ತಿರುಗಿ ಹಗಲು ಬೆಳೆಯತೊಡಗಿದ್ದರೂ ನಮ್ಮ ಅಕ್ಷಾಂಶದಲ್ಲಿ ಸೂರ್ಯೋದಯ ಜನವರಿಯ ಕೊನೆಯವರೆಗೂ ತಡವಾಗುತ್ತಲೇ ಹೋಗುತ್ತದೆ. ಹೆಚ್ಚಾದ ಹಗಲೆಲ್ಲ ಸಂಜೆಯ ಪಾಲಾಗುತ್ತದೆ. ಅಕ್ಷ ವಾಲಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು, ಸೂರ್ಯನಿಗೆ ಹತ್ತಿರವಿರುವಾಗ ಭೂಮಿ ತನ್ನ ಕಕ್ಷೆಯಲ್ಲಿ ವೇಗವಾಗಿ ಓಡುವುದರಿಂದ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ 24 ಗಂಟೆಗಿಂತ ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮಂಗಳೂರಿನ ನಿಜವಾದ ನಡುಹಗಲು ಗಡಿಯಾರದಲ್ಲಿ 12 ಗಂಟೆ 40 ನಿಮಿಷದ ಸುಮಾರಿಗೆ ಸರಿದಿರುತ್ತದೆ. ಜನವರಿಯಲ್ಲಿ ಸೂರ್ಯ ಹತ್ತಿರವಿರುವುದರಿಂದ ನಿಮ್ಮ ಮೇಲಾಗುವ ಪರಿಣಾಮ ಬೆವರಲ್ಲ, ತಡವಾದ ಬೆಳಗು. ಫೆಬ್ರುವರಿಯ ಮೊದಲ ವಾರ ಕಳೆದ ಮೇಲೆ ಅದೂ ಮೆಲ್ಲಗೆ ಸರಿಹೋಗುತ್ತದೆ.