118 ನ್ಯಾನೋಮೀಟರ್ ಬೆಳಕಿಗೆ ಹರಳು ಬಿಟ್ಟು ಗ್ಯಾಸ್ ಯಾಕೆ?

ಪ್ರಶ್ನೆ: ಪಲ್ಸ್ ಲೇಸರ್‌ನ 1064 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹರಳುಗಳಲ್ಲಿ ಹಾಯಿಸಿ 532, 355 ಮಾಡಿಕೊಳ್ಳುತ್ತೇವೆ. 118 ಬೇಕು ಅಂದಾಗ ಮಾತ್ರ ಕ್ಸೆನಾನ್ ಗ್ಯಾಸ್ ತುಂಬಿದ ಸೆಲ್ (ಮುಚ್ಚಿದ ಕೊಳವೆ) ಬೇಕು ಅಂತಾರೆ. ಇನ್ನೊಂದು ಹರಳು ಇಟ್ಟರೆ ಆಗಲ್ವಾ?

ಆಗಲ್ಲ. ಆ ಬೆಳಕನ್ನು ಹರಳೇ ನುಂಗಿಬಿಡುತ್ತದೆ. ಎಲ್ಲರೂ ಬಳಸುವ ಬಿಬಿಒ ಹರಳು 190ರ ಹತ್ತಿರ ಕೈಚೆಲ್ಲುತ್ತದೆ. ಅಪರೂಪದ ಕೆಬಿಬಿಎಫ್ ಕೂಡ 150ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿರುವ ಆಮ್ಲಜನಕವೂ ಈ ಬೆಳಕನ್ನು ಬಿಡಲ್ಲ, ಅದಕ್ಕೇ ಇದಕ್ಕೆ ನಿರ್ವಾತ ಅತಿನೇರಳೆ ಅನ್ನೋ ಹೆಸರು.

ಲಿಥಿಯಂ ಫ್ಲೋರೈಡ್ ಕಿಟಕಿ 105ರವರೆಗೂ ಬೆಳಕು ಬಿಡುತ್ತಲ್ಲ, ಅದರಲ್ಲೇ 355ರ ಕಂಪನವನ್ನು ಮೂರು ಪಟ್ಟು ಮಾಡಿ 118 ಪಡೆದ್ರೆ? ಇದು ನ್ಯಾಯವಾದ ಅನುಮಾನ. ಆದರೆ ಬೆಳಕು ಹುಟ್ಟಿದರೆ ಸಾಲದು, ದಾರಿಯುದ್ದಕ್ಕೂ ಹುಟ್ಟುವ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ಸಾಗಬೇಕು. ಆ ಹರಳಿನಲ್ಲಿ 118ರ ಅಲೆ 355ಕ್ಕಿಂತ ತುಂಬಾ ನಿಧಾನ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಹೊಸ ಅಲೆ ಹಳೆಯದನ್ನು ಅಳಿಸಿಹಾಕುತ್ತದೆ.

ಕ್ಸೆನಾನ್‌ನ ಗುಟ್ಟು ಇರೋದು ಇಲ್ಲೇ. ಅದರ ಪರಮಾಣು 119.2 ನ್ಯಾನೋಮೀಟರ್ ಬೆಳಕನ್ನು ಜೋರಾಗಿ ಹೀರುತ್ತದೆ. ಆ ಗೆರೆಗಿಂತ ಸ್ವಲ್ಪ ಚಿಕ್ಕ ಅಲೆಯ ಕಡೆಗೆ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ನಿಧಾನವಾಗುತ್ತದೆ ಅನ್ನೋ ಅಳತೆ) ತಗ್ಗುತ್ತದೆ. ಹಾಗಾಗಿ ಅಲ್ಲಿ ಲೆಕ್ಕ ಉಲ್ಟಾ: 118ರ ಅಲೆ 355ಕ್ಕಿಂತ ಮುಂದೆ ಓಡುತ್ತದೆ. ನಮಗೆ ಬೇಕಿರೋದೂ ಅದೇ. ಲೆನ್ಸ್‌ನಿಂದ ಬಿಗಿಯಾಗಿ ಫೋಕಸ್ ಮಾಡಿದಾಗ ಫೋಕಸ್ ಬಿಂದು ದಾಟುವಾಗ ಅಲೆಯ ಹೆಜ್ಜೆ ಜಾರುತ್ತದೆ. ಬಿಂದುವಿನ ಈಚೆ ಹುಟ್ಟಿದ ಬೆಳಕು, ಆಚೆ ಹುಟ್ಟಿದ ಬೆಳಕು ಒಂದನ್ನೊಂದು ಕೊಂದುಕೊಳ್ಳುತ್ತವೆ. ಕ್ಸೆನಾನ್ ಕೊಡುವ ಮುನ್ನುಗ್ಗು ಆ ಜಾರಾಟವನ್ನು ಸರಿದೂಗಿಸುತ್ತದೆ.

ಆದರೆ ಕ್ಸೆನಾನ್ ಜಾಸ್ತಿ ತುಂಬಿದರೆ ಮುನ್ನುಗ್ಗು ಅತಿಯಾಗುತ್ತದೆ. ಆಗ ಆರ್ಗಾನ್ ಬೆರೆಸುತ್ತಾರೆ, ಅದು 118ರ ಅಲೆಯನ್ನು ಹಿಂದಕ್ಕೆ ಎಳೆಯುತ್ತದೆ. 20 ಟಾರ್ (ಒತ್ತಡದ ಅಳತೆ) ಕ್ಸೆನಾನ್ ಇಟ್ಟುಕೊಂಡು ಆರ್ಗಾನ್ ವಾಲ್ವ್ ಒಂಚೂರು ಒಂಚೂರೇ ತಿರುಗಿಸಿ ನೋಡಿ. ಆಸಿಲೋಸ್ಕೋಪ್‌ನಲ್ಲಿ 118ರ ಸಿಗ್ನಲ್ ಮೊದಲು ಮೆಲ್ಲಗೆ ಏರುತ್ತದೆ. ಆರ್ಗಾನ್ ಸುಮಾರು ಹತ್ತು ಪಟ್ಟು ಆಗುವ ಹೊತ್ತಿಗೆ ಚೆನ್ನಾಗಿ ಮೇಲೇಳುತ್ತದೆ. ಇನ್ನೂ ತಿರುಗಿಸಿದರೆ ದಪ್ಪಂತ ಬೀಳುತ್ತದೆ. ಅವಸರ ಮಾಡಬೇಡಿ. ಕ್ಸೆನಾನ್ ಭಾರದ ಗ್ಯಾಸ್, ಆರ್ಗಾನ್ ಜೊತೆ ಬೇಗ ಬೆರೆಯಲ್ಲ. ಕಾಯದೆ ನೋಡಿದರೆ ಅಳತೆ ಮೋಸ ಮಾಡುತ್ತದೆ.

ಸಿಗ್ನಲ್ ಕಡಿಮೆ ಅನ್ನಿಸಿದರೆ ಎಲ್ಲರ ಕೈಯೂ ಮೊದಲು ಹೋಗೋದು ಲೇಸರ್ ಪವರ್ ಕಡೆಗೆ. ಆಸೆಗೆ ಕಾರಣವೂ ಇದೆ: 355ರ ತೀವ್ರತೆ ಎರಡು ಪಟ್ಟಾದರೆ 118 ಎಂಟು ಪಟ್ಟು. ಆದರೆ ಒಂದು ಮಿತಿ ದಾಟಿದರೆ ಫೋಕಸ್‌ನಲ್ಲಿ ಕಿಡಿ ಹೊಳೆಯುತ್ತದೆ. ಪರಮಾಣುಗಳು ಒಡೆದು ಎಲೆಕ್ಟ್ರಾನ್‌ಗಳು ಹೊರಬರುತ್ತವೆ, ಸೂಚ್ಯಂಕ ಬದಲಾಗಿ ಹೆಜ್ಜೆ ಮತ್ತೆ ತಪ್ಪುತ್ತದೆ. ನನ್ನ ಪ್ರಕಾರ ಗ್ಯಾಸಿನ ಪ್ರಮಾಣ, ಶುದ್ಧತೆ ನೋಡಿಕೊಂಡ ಮೇಲೇ ಪವರ್ ಮುಟ್ಟಬೇಕು.

ಹಾಗಂತ ಸಿಗೋದು ರಾಶಿಯೇನಲ್ಲ. 30 ಮಿಲಿಜೂಲ್‌ನ ಒಂದು ಪಲ್ಸ್‌ನಲ್ಲಿ ಲಕ್ಷಕ್ಕೆ ಒಂದು ಪಾಲು ಬದಲಾದರೂ ಸುಮಾರು 0.3 ಮೈಕ್ರೋಜೂಲ್, ಅಂದ್ರೆ ಹತ್ತಿರ ಹತ್ತಿರ 18,000 ಕೋಟಿ ಫೋಟಾನ್. ಒಂದೊಂದರಲ್ಲೂ 10.5 ಎಲೆಕ್ಟ್ರಾನ್ ವೋಲ್ಟ್. ಅಸಿಟೋನ್‌ನಂಥ ಅಣುವಿನಿಂದ ಒಂದೇ ಏಟಿಗೆ ಎಲೆಕ್ಟ್ರಾನ್ ಕೀಳಲು ಇಷ್ಟು ಸಾಕು.

ಇದೇ ಉಪಾಯವನ್ನು ಜಿನೀವಾ ಬಳಿಯ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಆಲ್ಫಾ ತಂಡವೂ ಬಳಸಿದೆ. ಅಲ್ಲಿ ಕ್ರಿಪ್ಟಾನ್-ಆರ್ಗಾನ್ ಮಿಶ್ರಣದಲ್ಲಿ 365 ನ್ಯಾನೋಮೀಟರ್ ಪಲ್ಸ್ ಹಾಯಿಸಿ 121.6 ಪಡೆಯುತ್ತಾರೆ. 2021ರಲ್ಲಿ ಅವರು ಆ ಬೆಳಕಿನಿಂದ ಪ್ರತಿ-ಹೈಡ್ರೋಜನ್ (ಹೈಡ್ರೋಜನ್‌ನ ಪ್ರತಿದ್ರವ್ಯ ರೂಪ) ಪರಮಾಣುಗಳನ್ನು ತಣ್ಣಗಾಗಿಸಿದ್ದನ್ನು ಪ್ರಕಟಿಸಿದರು.