ಗೋಡೆಯ ದಪ್ಪ, ಗೋಡೆಯೊಳಗಿನ ಕಲೆ

1958ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀರ್ ಕೆಲವು ಯುವಜನರ ಹೃದಯಗಳ ಕುರಿತು ವರದಿಯೊಂದನ್ನು ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಹಠಾತ್ತನೆ ಸತ್ತವರು. ಎಡ ಮತ್ತು ಬಲ ಹೃತ್ಕುಕ್ಷಿಗಳ (ಹೃದಯದ ಕೆಳಕೋಣೆಗಳ) ನಡುವಿನ ಗೋಡೆ ಅಸಹಜವಾಗಿ ದಪ್ಪಗಾಗಿತ್ತು. ಇಂದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಕರೆಯುವ ಈ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಟೀರ್ ಶವಪರೀಕ್ಷೆಯಲ್ಲಿ ಕಂಡದ್ದನ್ನು ಈಗ ಬಡಿಯುತ್ತಿರುವ ಹೃದಯದಲ್ಲೇ ನೋಡಬಹುದು.

ಮೊದಲ ಪರೀಕ್ಷೆ ಎಕೋ, ಅಂದರೆ ಶ್ರವಣಾತೀತ ಧ್ವನಿತರಂಗಗಳಿಂದ ಹೃದಯದ ಚಿತ್ರ ತೆಗೆಯುವುದು. ಅಧಿಕ ರಕ್ತದೊತ್ತಡ, ಕವಾಟದ ದೋಷದಂತಹ ಬೇರೆ ಕಾರಣವಿಲ್ಲದೆ ವಯಸ್ಕರ ಎಡ ಹೃತ್ಕುಕ್ಷಿಯ ಗೋಡೆ 15 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಿದ್ದರೆ ವೈದ್ಯರು ಈ ಕಾಯಿಲೆಯನ್ನು ಗುರುತಿಸುತ್ತಾರೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಕಾಯಿಲೆ ಇದ್ದರೆ 13 ಮಿ.ಮೀ. ಸಾಕು. ತಂದೆ ಅಥವಾ ತಾಯಿಯಲ್ಲಿ ದೋಷವಿರುವ ವಂಶವಾಹಿ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಹಾಗಾಗಿ ಅಳತೆಯನ್ನು ಕುಟುಂಬದ ಚರಿತ್ರೆಯಿಂದ ಬಿಡಿಸಿ ಓದುವಂತಿಲ್ಲ.

ದಪ್ಪವಷ್ಟೇ ತೊಂದರೆಯಲ್ಲ. ಹೃದಯ ಸಂಕುಚಿಸುವಾಗ ಮಿಟ್ರಲ್ ಕವಾಟದ (ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟ) ಎಸಳು ಮುಂದಕ್ಕೆ ಸೆಳೆಯಲ್ಪಟ್ಟು, ಉಬ್ಬಿದ ಗೋಡೆಗೆ ತಾಗಿ, ಮಹಾಪಧಮನಿಯತ್ತ ಹರಿಯುವ ರಕ್ತದ ದಾರಿಯನ್ನು ಕಿರಿದಾಗಿಸಬಹುದು. ಆ ಇಕ್ಕಟ್ಟಿನಲ್ಲಿ ರಕ್ತ ಎಷ್ಟು ವೇಗವಾಗಿ ನುಗ್ಗುತ್ತದೆ ಎಂಬುದನ್ನು ಎಕೋದ ಭಾಗವಾದ ಡಾಪ್ಲರ್ ವಿಧಾನ ಅಳೆಯುತ್ತದೆ. ವೇಗದಿಂದ ಒತ್ತಡದ ವ್ಯತ್ಯಾಸ ತಿಳಿಯುತ್ತದೆ. ಅದು 30 ಮಿ.ಮೀ. ಪಾದರಸ ಮುಟ್ಟಿದರೆ ಅಡಚಣೆ ಇದೆ ಎಂದರ್ಥ. ಸುಮ್ಮನೆ ಮಲಗಿದ್ದಾಗ ಏನೂ ಕಾಣದ ಅನೇಕರಲ್ಲಿ ಉಸಿರು ಬಿಗಿಹಿಡಿದು ತಿಣುಕಿದಾಗ, ಇಲ್ಲವೇ ವ್ಯಾಯಾಮ ಮಾಡಿದಾಗ ಅಡಚಣೆ ಪ್ರಕಟವಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎನ್ನುವವರನ್ನು ಮಲಗಿಸಿ ಮಾತ್ರ ಪರೀಕ್ಷಿಸಿ ಕಳುಹಿಸುವುದು, ನನ್ನ ದೃಷ್ಟಿಯಲ್ಲಿ, ಅರ್ಧ ಪರೀಕ್ಷೆ.

ಎಕೋ ಎಡವುವ ಕಡೆಯೂ ಇದೆ. ಹೃದಯದ ತುದಿಯಲ್ಲಷ್ಟೇ ಸ್ನಾಯು ದಪ್ಪಗಾಗಿದ್ದರೆ ಅದು ತಪ್ಪಿಹೋಗಬಹುದು. ಎಂಆರ್‌ಐ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕಿಂತ ಹೆಚ್ಚಿನ ಬೆಲೆಯುಳ್ಳ ಇನ್ನೊಂದನ್ನೂ ತೋರಿಸುತ್ತದೆ: ಸ್ನಾಯುವಿನೊಳಗಿನ ಕಲೆ. ರಕ್ತನಾಳಕ್ಕೆ ಕೊಟ್ಟ ಗ್ಯಾಡೋಲಿನಿಯಂ ದ್ರವ ಆರೋಗ್ಯವಂತ ಸ್ನಾಯುವಿನಿಂದ ಬೇಗ ಹೊರಹೋಗುತ್ತದೆ. ನಾರುಗಟ್ಟಿದ ಜಾಗದಲ್ಲಿ ಜೀವಕೋಶಗಳ ನಡುವೆ ತೆರಪು ಹೆಚ್ಚಿರುವುದರಿಂದ ಅಲ್ಲಿ ಉಳಿದುಕೊಳ್ಳುತ್ತದೆ. ಹತ್ತು ನಿಮಿಷಗಳ ಬಳಿಕ ತೆಗೆದ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಪ್ರಾಣಕ್ಕೆ ಕುತ್ತಾಗುವ ಲಯದೋಷ ಇಂಥ ಕಲೆಗಳಿಂದ ಹುಟ್ಟಬಲ್ಲದು. ಕಲೆ ಎಡ ಹೃತ್ಕುಕ್ಷಿಯ ಸ್ನಾಯುವಿನ 15 ಪ್ರತಿಶತ ದಾಟಿದ್ದರೆ, ಎದೆಯೊಳಗೆ ಡಿಫಿಬ್ರಿಲೇಟರ್ (ಲಯ ತಪ್ಪಿದಾಗ ವಿದ್ಯುತ್ ಆಘಾತದಿಂದ ಸರಿಪಡಿಸುವ ಸಾಧನ) ಇಡಬೇಕೇ ಎಂಬ ಚರ್ಚೆಯಲ್ಲಿ ಅದಕ್ಕೆ ತೂಕವಿದೆ. ಒಂದೇ ದಪ್ಪದ ಗೋಡೆಯುಳ್ಳ ಇಬ್ಬರ ಅಪಾಯ ಒಂದೇ ಅಲ್ಲ.

ಕುಟುಂಬದವರಿಗೆ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಹದಿಹರೆಯದ ಮಗುವಿನ ಎಕೋ ಸರಿಯಾಗಿದೆ ಎಂದರೆ ಅಂದಿನ ಮಟ್ಟಿಗೆ ಸರಿಯಾಗಿದೆ, ಅಷ್ಟೆ. ಗೋಡೆ ನಂತರದ ವರ್ಷಗಳಲ್ಲಿ ದಪ್ಪಗಾಗಬಹುದು. ಅದಕ್ಕಾಗಿಯೇ ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ವಯಸ್ಕರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಎಕೋ ಮತ್ತು ಇಸಿಜಿ ಮಾಡಿಸಬೇಕು. ರೋಗಿಯಲ್ಲಿ ಕಾಯಿಲೆಗೆ ಕಾರಣವಾದ ವಂಶವಾಹಿ ದೋಷ ಖಚಿತವಾಗಿ ಪತ್ತೆಯಾಗಿ, ಸಂಬಂಧಿಯಲ್ಲಿ ಅದು ಇಲ್ಲವೆಂದು ತಿಳಿದರೆ, ಆ ಸಂಬಂಧಿಗೆ ಈ ಪುನರಾವರ್ತನೆ ಬೇಕಿಲ್ಲ.